ಕಾರ್ಬನ್ ಫೈಬರ್‌ಗೆ ಅಲ್ಯೂಮಿನಿಯಂ ಅಂಟಿಸಲು ಕೊಡುವ ಮುಂಚೆ ಇದನ್ನು ಓದಿ

ಪೀಣ್ಯ ಕಡೆ ಇಂಥ ಜಾಬ್ ವರ್ಕ್ ಕೊಡುವವರಿದ್ದರೆ, ಯಾವ ಅಂಟು ಹಾಕುತ್ತೀರಿ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಅಂಟು ಹಾಕುವ ಮುಂಚೆ ಲೋಹಕ್ಕೆ ಏನು ಮಾಡುತ್ತೀರಿ ಅಂತ ಕೇಳಿ.

ನಮ್ಮದು ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್. ತೋಳುಗಳು ಕಾರ್ಬನ್ ಪೈಪ್, ತುದಿಗೆ ಅಲ್ಯೂಮಿನಿಯಂ ಫಿಟ್ಟಿಂಗ್. ಅಂಟಿಸಿಕೊಟ್ಟ ಶಾಪಿನವರು ಬ್ಲಾಸ್ಟಿಂಗ್ (ಗಟ್ಟಿ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಲೋಹದ ಮೇಲ್ಮೈ ಒರಟು ಮಾಡುವುದು), ಪ್ರೈಮರ್ (ಅಂಟಿಗೆ ಮುಂಚೆ ಬಳಿಯುವ ತಳಪದರ) ಎಲ್ಲಾ ಸೇರಿಸಿ ರೇಟ್ ಹಾಕಿದ್ದರು, ಬಿಲ್ಲಿನಲ್ಲೂ ಹಾಗೇ ಬರೆದಿದ್ದರು. ಡೆಲಿವರಿ ದಿನ ನಮ್ಮೆದುರೇ ಎಳೆದು ತೋರಿಸಿದರು, ಜಗ್ಗಲಿಲ್ಲ. ಮಳೆಗಾಲ ಬಂತು ನೋಡಿ, ಡ್ರೋನ್ ಎತ್ತಿಡುವಾಗ ಒಂದು ತೋಳು ಕೈಗೇ ಬಂತು. ಹಾರುವಾಗ ಹೀಗಾಗಿದ್ದರೆ ಕೆಳಗಿದ್ದವರ ಗತಿ ಏನು?

ಕಿತ್ತ ಜಾಗ ನೋಡಿದರೆ ಅಂಟೆಲ್ಲಾ ಕಾರ್ಬನ್ ಕಡೆಯೇ ಉಳಿದಿತ್ತು. ಅಲ್ಯೂಮಿನಿಯಂ ಬೋಳು ಬೋಳು. ಅದರ ಮೇಲೆ ಲೇತ್ ಮೆಷಿನ್‌ನಲ್ಲಿ ಕಡೆದಾಗ ಬಿದ್ದ ಗೆರೆಗಳು ಹಾಗೇ ಹೊಳೆಯುತ್ತಿದ್ದವು, ಅಂಚಿನಲ್ಲಿ ಬಿಳಿ ಪುಡಿ. ಬ್ಲಾಸ್ಟಿಂಗ್ ಮಾಡಿದ್ದರೆ ಆ ಗೆರೆ ಅಳಿಸಿ ಮೇಲ್ಮೈ ಮಂಕಾಗಿ ಒರಟಾಗಬೇಕಿತ್ತು, ಅಲ್ವಾ? ಹೋಗಿ ಕೇಳಿದರೆ ಅಲ್ಲಿನ ಹುಡುಗ, 'ಥಿನ್ನರ್ ಹಾಕಿ ಬನಿಯನ್ ವೇಸ್ಟಲ್ಲಿ ಚೆನ್ನಾಗಿ ಒರೆಸಿದ್ವಲ್ಲ ಸಾರ್' ಅಂದ. ಒಂದೇ ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ಕೂಲೆಂಟ್ ಎಣ್ಣೆ (ಲೋಹ ಕಡೆಯುವಾಗ ತಂಪಿಗೆ ಸುರಿಯುವುದು) ಹೋಗುವುದಿಲ್ಲ, ತೆಳ್ಳಗೆ ಹರಡುತ್ತದೆ ಅಷ್ಟೇ.

ಅಲ್ಯೂಮಿನಿಯಂ ಗಾಳಿಗೆ ತಾಕಿದ ಕೂಡಲೇ ಅದರ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ. ಅಂಟು ಹಿಡಿಯುವುದು ಆ ಪೊರೆಯನ್ನು. ಒಣಗಿದ್ದಾಗ ಅದು ಗಟ್ಟಿಯೇ. ಆದರೆ ಅಂಚಿನಿಂದ ತೇವ ನುಗ್ಗಿದರೆ ಪೊರೆ ನೀರು ಕುಡಿದು ಹೈಡ್ರಾಕ್ಸೈಡ್ ಆಗಿ, ಸಡಿಲವಾಗಿ, ಅಂಟಿನ ಸಮೇತ ಎದ್ದು ಬರುತ್ತದೆ. ಮೊದಲ ದಿನದ ಎಳೆತದ ಟೆಸ್ಟಿನಲ್ಲಿ ಇದು ಸಿಕ್ಕಿಬೀಳುವುದೇ ಇಲ್ಲ. 1988ರಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಚಾವಣಿ ಆಕಾಶದಲ್ಲೇ ಕಿತ್ತುಹೋಯಿತಲ್ಲ, ಅಲ್ಲೂ ಶುರುವಾಗಿದ್ದು ಅಲ್ಯೂಮಿನಿಯಂ ಹಾಳೆಗಳ ನಡುವಿನ ಅಂಟು ಬಿಟ್ಟುಕೊಂಡಿದ್ದರಿಂದಲೇ. ಆಮೇಲೆ ತುಕ್ಕು, ರಿವೆಟ್ ತೂತುಗಳ ಸುತ್ತ ಬಿರುಕು. ವಿಮಾನದ ಕೆಲಸದಲ್ಲಿ ಫಾಸ್ಫಾರಿಕ್ ಆಸಿಡ್ ಅನೋಡೈಸಿಂಗ್‌ನಂಥದ್ದು (ಆಸಿಡ್‌ನಲ್ಲಿ ಮುಳುಗಿಸಿ ಕರೆಂಟ್ ಹರಿಸಿ ಅಂಟಿಗೆ ಒಗ್ಗುವ ಆಕ್ಸೈಡ್ ಪೊರೆ ಬೆಳೆಸುವುದು) ಮಾಡಿ ಅಂಟಿಸುವುದು ಸುಮ್ನೆ ಅಲ್ಲ.

ಅಷ್ಟು ಖರ್ಚು ನಮ್ಮಂಥವರಿಗೆ ಆಗದಿರಬಹುದು. ಆದರೂ ಅಂಟಿಸುವ ದಿನ ಶಾಪಿಗೆ ಹೋಗಿ ನಿಂತುಕೊಳ್ಳಿ. ಬ್ಲಾಸ್ಟಿಂಗ್‌ಗೆ ಅಲ್ಯೂಮಿನಾ ಗ್ರಿಟ್ಟೇ (ಅಲ್ಯೂಮಿನಿಯಂ ಆಕ್ಸೈಡ್ ಹರಳು) ಬೇಕು, ಸ್ಟೀಲ್ ಶಾಟ್ (ಉಕ್ಕಿನ ಸಣ್ಣ ಗುಂಡು) ಬೇಡ, ಅದರ ಕಬ್ಬಿಣದ ಚೂರು ಉಳಿದು ತುಕ್ಕಿಗೆ ದಾರಿ. ಆಮೇಲೆ ಶುದ್ಧ ನೀರು ಹುಯ್ದು ನೋಡಿ. ನೀರು ಒಂದೇ ಹಾಳೆಯಾಗಿ ಹರಡಿ ನಿಲ್ಲಬೇಕು. ಹನಿ ಹನಿಯಾಗಿ ಒಡೆದರೆ ಎಣ್ಣೆ ಇದೆ ಅಂತಲೇ ಅರ್ಥ, ಅಂಟು ಕಲಸಲು ಬಿಡಬೇಡಿ. ಪಾಸಾದರೆ ಒಣಗಿಸಿ, ಸಿಲೇನ್ (ಲೋಹಕ್ಕೂ ಅಂಟಿಗೂ ಬೆಸುಗೆಯಂತೆ ಕೆಲಸ ಮಾಡುವ ರಾಸಾಯನಿಕ) ಅಥವಾ ಪ್ರೈಮರ್ ಹಾಕಿ, ತಡಮಾಡದೆ ಅಂಟಿಸಬೇಕು. ನಾಳೆಗೆ ಇಡುತ್ತೇವೆ ಅಂದರೆ ಒಪ್ಪಬೇಡಿ. ಕಾರ್ಬನ್ ಕಡೆ ಮೇಲಿನ ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು, ನಾರು ಕತ್ತರಿಸಬಾರದು. ನಡುವೆ ತೆಳು ಗ್ಲಾಸ್ ಬಟ್ಟೆಯ ಪದರ ಹಾಕಿಸಿ. ಕಾರ್ಬನ್ ನೇರ ತಾಕಿಕೊಂಡು ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಈಗ ಅವರು ತಪ್ಪನ್ನು ಅಂಟಿನ ಕಂಪನಿ ಮೇಲೆ ಹಾಕುತ್ತಿದ್ದಾರೆ. ಅಂಟೇ ದುರ್ಬಲವಾಗಿದ್ದರೆ ಸಾಮಾನ್ಯವಾಗಿ ಅದು ನಡುವೆ ಹರಿದು ಎರಡೂ ಕಡೆ ಉಳಿಯುತ್ತಿತ್ತು. ನಿಮಗೂ ಹೀಗಾದರೆ ಕಿತ್ತ ಎರಡೂ ಮುಖಗಳ ಫೋಟೋ ತೆಗೆದಿಟ್ಟುಕೊಳ್ಳಿ, ತುಂಡುಗಳನ್ನು ಅವರ ಕೈಗೆ ವಾಪಸ್ ಕೊಡಬೇಡಿ. ಅದೇ ಬ್ಯಾಚಿನ ಉಳಿದ ತೋಳುಗಳನ್ನು ನಾವು ಹಾರಿಸುತ್ತಿಲ್ಲ.