ರೈಫಲ್ ಪೆಲೆಟ್ ಪಿಸ್ತೂಲಿಗೆ ಆಗುತ್ತದೆಯೇ? ಆರ್‌ಡಬ್ಲ್ಯುಎಸ್ ಆರ್10, 0.53 ಗ್ರಾಂ ಡಬ್ಬಿಯ ವಿಮರ್ಶೆ

ಕಲಬುರಗಿಯಲ್ಲಿ ಕೂತು ಮ್ಯಾಚ್ ದರ್ಜೆಯ, ಅಂದರೆ ಸ್ಪರ್ಧೆಗೆ ಬಳಸುವ ಪೆಲೆಟ್ (ಏರ್ ಗನ್ನಿನ ಸೀಸದ ಗುಂಡು) ಬೇಕೆಂದರೆ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಪಾರ್ಸೆಲ್ ತರಿಸಬೇಕು. ಆಗ ಅಂಗಡಿಯವರು ಹೇಳುವ ಮಾತು ಒಂದೇ: "ಪಿಸ್ತೂಲಿಂದು ಖಾಲಿ ಆಗೇದ್ರಿ, ರೈಫಲ್ಲಿಂದು ಐತಿ, ಕಳಸ್ಲೇನು?" ಎರಡೂ 4.5 ಮಿಲಿಮೀಟರಿನವೇ, ಎರಡೂ ಚಪ್ಪಟೆ ತಲೆಯವೇ. ಹಾಗಿದ್ದರೆ ತರಿಸಿಕೊಂಡರೆ ತಪ್ಪೇನು? ಗಾಳಿ ಸಿಲಿಂಡರಿನ ಮ್ಯಾಚ್ ಪಿಸ್ತೂಲ್ ನಿಮ್ಮದಾಗಿದ್ದರೆ ತಪ್ಪಿಲ್ಲ, ಧಾರಾಳವಾಗಿ ತರಿಸಿಕೊಳ್ಳಿ. ಸ್ಪ್ರಿಂಗ್ ಪಿಸ್ತೂಲಾಗಿದ್ದರೆ ಬೇಡ.

ಮದ್ದು ತುಂಬಿದ ಕಾಡತೂಸಿನ ವಿಷಯ ಇಲ್ಲಿಲ್ಲ. ಲೈಸೆನ್ಸ್ ಇಲ್ಲದೆ ಅದನ್ನು ಮನೆಯಲ್ಲಿ ತಯಾರಿಸುವುದು ನಮ್ಮಲ್ಲಿ ಅಪರಾಧ. ಆದರೆ .177 ಇಂಚು (4.5 ಮಿಲಿಮೀಟರ್) ಬೋರ್ ಮೀರದ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ಪಿಸ್ತೂಲಿನ ಶಕ್ತಿ ಆರು ಜೂಲಿನ ಆಸುಪಾಸು.

ಆರ್‌ಡಬ್ಲ್ಯುಎಸ್ ಬ್ರಾಂಡಿನ ಆರ್10 ಪೆಲೆಟ್ ಎರಡು ತೂಕದಲ್ಲಿ ಬರುತ್ತದೆ. ಪಿಸ್ತೂಲಿಗೆಂದು 0.45 ಗ್ರಾಂ, ರೈಫಲ್ಲಿಗೆಂದು 0.53 ಗ್ರಾಂ. ಒಂದು ಡಬ್ಬಿಗೆ 500. ವ್ಯತ್ಯಾಸ 0.08 ಗ್ರಾಂ ಎಂದರೆ ಕೈಗೆ ತಿಳಿಯುವುದಿಲ್ಲ, ಆದರೆ ಶೇಕಡಾ 18ರಷ್ಟು ಭಾರ ಹೆಚ್ಚಾಯಿತು. ಅದರ ಪರಿಣಾಮ ಲೆಕ್ಕದಲ್ಲೇ ಕಾಣುತ್ತದೆ. 0.45 ಗ್ರಾಂ ಪೆಲೆಟ್ ಸೆಕೆಂಡಿಗೆ 160 ಮೀಟರಿನಲ್ಲಿ ಹೊರಬಿದ್ದರೆ ಶಕ್ತಿ 5.76 ಜೂಲ್. ಅಷ್ಟೇ ಶಕ್ತಿಯಲ್ಲಿ 0.53 ಗ್ರಾಂ ಪೆಲೆಟ್ ಓಡುವುದು ಸುಮಾರು 147 ಮೀಟರ್ ವೇಗದಲ್ಲಿ. ಗಾಳಿಯ ತಡೆ ಬಿಟ್ಟು ನೋಡಿದರೆ ಹತ್ತು ಮೀಟರ್ ದಾಟುವಷ್ಟರಲ್ಲಿ ಹಗುರದ್ದು 19 ಮಿಲಿಮೀಟರ್ ಇಳಿಯುತ್ತದೆ, ಭಾರದ್ದು 22.6. ಅಂದರೆ ಮೂರೂವರೆ ಮಿಲಿಮೀಟರ್ ಕೆಳಗೆ ಬೀಳುತ್ತದೆ. ಡಬ್ಬಿ ಬದಲಿಸಿ ಸೈಟ್ (ಗುರಿ ಹಿಡಿಯುವ ಭಾಗ) ಹೊಂದಿಸದವರು "ಈ ಪೆಲೆಟ್ ಸರಿಯಿಲ್ಲ" ಎಂದು ದೂರುವುದು ಇದೇ ಕಾರಣಕ್ಕೆ. ಪೆಲೆಟ್ ಸರಿಯಾಗೇ ಇದೆ, ಹಿಂದಿನ ಸೈಟನ್ನು ಎರಡು–ಮೂರು ಕ್ಲಿಕ್ ಮೇಲೆತ್ತಬೇಕಿತ್ತು. ಒಂದು ಕ್ಲಿಕ್ಕಿಗೆ ಎಷ್ಟು ಸರಿಯುತ್ತದೆ ಎಂಬುದು ಪಿಸ್ತೂಲಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ, ನೋಡಿಕೊಳ್ಳಿ. ವೇಗ ಕಡಿಮೆಯಾಯಿತೆಂದು ರೆಗ್ಯುಲೇಟರ್ (ಗಾಳಿಯ ಒತ್ತಡ ನಿಯಂತ್ರಿಸುವ ಭಾಗ) ತಿರುವಿ ಹಳೆಯ ವೇಗ ತರಲು ಹೋಗಬೇಡಿ. ಪಿಸ್ತೂಲ್ ಕೈಯಲ್ಲಿ ಹೆಚ್ಚು ಎಗರುತ್ತದೆ, ಒಂದು ಸಲ ತುಂಬಿದ ಗಾಳಿಗೆ ಸಿಗುವ ಹೊಡೆತಗಳೂ ಕಡಿಮೆಯಾಗುತ್ತವೆ.

ಭಾರದ ಪೆಲೆಟ್ಟಿನ ನಿಜವಾದ ಬೆಲೆ ತೆರಬೇಕಾದದ್ದು ಬ್ಯಾರೆಲಿನ ಒಳಗೆ. ನಿಧಾನಕ್ಕೆ ಓಡುವ ಪೆಲೆಟ್ ಬ್ಯಾರೆಲಿನಲ್ಲಿ ತುಸು ಹೆಚ್ಚು ಹೊತ್ತು ಇರುತ್ತದೆ. ರೈಫಲ್ ಹೆಗಲಿಗೆ ಆತಿರುತ್ತದೆ, ಪಿಸ್ತೂಲ್ ಚಾಚಿದ ಒಂಟಿ ಕೈಯಲ್ಲಿರುತ್ತದೆ. ಟ್ರಿಗರ್ ಬಿಟ್ಟ ಕೂಡಲೇ ಮಣಿಕಟ್ಟು ಸಡಿಲಿಸುವ ಅಭ್ಯಾಸವಿದ್ದರೆ ಭಾರದ ಪೆಲೆಟ್ ಅದನ್ನು ಹೆಚ್ಚು ಎತ್ತಿ ತೋರಿಸುತ್ತದೆ. ಹೊಡೆತದ ನಂತರವೂ ಒಂದೆರಡು ಸೆಕೆಂಡ್ ಗುರಿ ಹಿಡಿದು ನಿಲ್ಲುವವರಿಗೆ ಯಾವ ತೊಂದರೆಯೂ ಇಲ್ಲ. ಹೊಸಬರಿಗೆ 0.45 ಕೊಡಿ ಎನ್ನುವುದು ಇದರಿಂದಲೇ.

ತೂಕಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ತಲೆಯ ಅಳತೆಗೆ. ಡಬ್ಬಿಯ ಮೇಲೆ 4.49 ಅಥವಾ 4.50 ಎಂದು ಚಿಕ್ಕದಾಗಿ ಬರೆದಿರುತ್ತದೆ. ಈ ಒಂದು ನೂರಾಂಶ ಮಿಲಿಮೀಟರ್ ಒಂದು ಬ್ಯಾರೆಲಿಗೆ ಹೊಂದುತ್ತದೆ, ಇನ್ನೊಂದಕ್ಕೆ ಹೊಂದುವುದಿಲ್ಲ. ಪಕ್ಕದವರ ಪಿಸ್ತೂಲ್ ನಿಮ್ಮದೇ ಕಂಪನಿಯ ನಿಮ್ಮದೇ ಮಾದರಿಯಾದರೂ ಅವರ ಅಳತೆ ನಿಮಗೆ ಆಧಾರವಲ್ಲ. ನಿಮ್ಮ ಬ್ಯಾರೆಲಿಗೆ 4.49ರ ರೈಫಲ್ ಪೆಲೆಟ್ ಹೊಂದಿ, 4.50ರ ಪಿಸ್ತೂಲ್ ಪೆಲೆಟ್ ಹೊಂದದಿದ್ದರೆ ರೈಫಲ್ಲಿನದ್ದನ್ನೇ ಹಾಕಿ.

ಪರೀಕ್ಷೆಗೆ ದೊಡ್ಡ ಯಂತ್ರ ಬೇಕಾಗಿಲ್ಲ, ಆದರೆ ಕೈಯಲ್ಲಿ ಹಿಡಿದು ಪರೀಕ್ಷಿಸಿದರೆ ತಿಳಿಯುವುದು ಕೈಯ ಗುಣವೇ ಹೊರತು ಪೆಲೆಟ್ಟಿನದ್ದಲ್ಲ. ಅಲುಗದ ಮೇಜು, ಅದರ ಮೇಲೆ ಎರಡು ಬಟ್ಟೆ ಚೀಲ. ಚೀಲಕ್ಕೆ ಜೋಳ ತುಂಬಿ. ಜೋಳದ ಕಾಳು ಒತ್ತಿದಲ್ಲಿ ಸರಿದು ಕೂತು ಹಿಡಿಕೆಯ ಆಕಾರ ಹಿಡಿಯುತ್ತದೆ. ತೊಗರಿ ದಪ್ಪ, ಪಿಸ್ತೂಲ್ ಜಾರುತ್ತದೆ. ಚೀಲ ಹಿಡಿಕೆಗೆ ಮತ್ತು ಚೌಕಟ್ಟಿಗೆ ತಾಗಬೇಕು, ಬ್ಯಾರೆಲಿಗೆ ತಾಗಬಾರದು. ಪೆಲೆಟ್ ಬದಲಿಸಿದ ಮೇಲೆ ಮೊದಲ 15–20 ಹೊಡೆತ ಲೆಕ್ಕಕ್ಕಿಲ್ಲ. ಹಳೆಯ ಸೀಸದ ಲೇಪ ಹೋಗಿ ಹೊಸದು ಕೂರಬೇಕು. ಆಮೇಲೆ ಐದೈದು ಹೊಡೆತದ ನಾಲ್ಕು ಗುಂಪು, ಪ್ರತಿಯೊಂದೂ ಬೇರೆ ಕಾಗದದ ಮೇಲೆ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಹೊರ ಅಳತೆ 11 ಬಂದರೆ ಗುಂಪು 6.5 ಮಿಲಿಮೀಟರ್. ನಾಲ್ಕರ ಸರಾಸರಿ ನೋಡಿ. ಚೆಂದದ ಒಂದು ಗುಂಪನ್ನು ಗೋಡೆಗೆ ಅಂಟಿಸಿ ಉಳಿದ ಮೂರನ್ನು ಮರೆತರೆ ಪರೀಕ್ಷೆ ವ್ಯರ್ಥ.

ಸಣ್ಣ ವ್ಯತ್ಯಾಸಕ್ಕೆ ಹೆದರಬೇಕಾಗಿಲ್ಲ, ಏಕೆಂದರೆ ಪಿಸ್ತೂಲಿನ ಗುರಿಹಲಗೆ ಉದಾರಿ. ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಗೆರೆ ತಾಗಿದರೂ ಹತ್ತೇ. ಆದ್ದರಿಂದ ಪೆಲೆಟ್ಟಿನ ಕೇಂದ್ರ 16 ಮಿಲಿಮೀಟರ್ ಅಗಲದ ಜಾಗದಲ್ಲಿ ಎಲ್ಲಿ ಬಿದ್ದರೂ ಹತ್ತು. ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್, ಲೆಕ್ಕ ಹಾಕಿದರೆ ಕೇಂದ್ರಕ್ಕೆ ಸಿಗುವ ಜಾಗ ಐದೇ ಮಿಲಿಮೀಟರ್. ಅಲ್ಲಿ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಅಂಕ ಕೊಡುತ್ತಾರೆ, ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ ಪೂರ್ಣ ಅಂಕ. ಎರಡು ಪೆಲೆಟ್‌ಗಳ ಸರಾಸರಿ ಗುಂಪಿನಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೆ ಸುಲಭವಾಗಿ ಸಿಗುವುದನ್ನು ಆರಿಸಿ, ಉಳಿದ ದುಡ್ಡಿಗೆ ಇನ್ನೊಂದು ಡಬ್ಬಿ ತಗೊಳ್ಳಿ.

ತೂಕ ನೋಡಿ ಬೇರ್ಪಡಿಸುವ ಗೀಳೂ ಇಲ್ಲಿ ಬೇಡ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ 0.526 ಇದ್ದರೂ 0.534 ಇದ್ದರೂ 0.53 ಎಂದೇ ಬರುತ್ತದೆ. ಅದಕ್ಕಿಂತ ಪಾರ್ಸೆಲಿನಲ್ಲಿ ಜಜ್ಜಿದ ಪೆಲೆಟ್ ಹುಡುಕುವುದು ಸಾವಿರ ಪಾಲು ಲಾಭ. ಪೆಲೆಟ್ಟಿನ ಹಿಂಬದಿ ಟೊಳ್ಳು, ಅಂಚು ತೆಳು. ಗಾಳಿಯನ್ನು ಹಿಡಿದಿಡುವುದು ಆ ಅಂಚೇ. ಗಾಜಿನ ತುಂಡನ್ನು ಸ್ವಲ್ಪ ಓರೆ ಮಾಡಿ ಒಂದೊಂದನ್ನೇ ಉರುಳಿಸಿ. ಸರಿಯಿದ್ದದ್ದು ನುಣುಪಾಗಿ ಕಮಾನಿನಂತೆ ತಿರುಗುತ್ತಾ ಹೋಗುತ್ತದೆ, ಅಂಚು ಮಡಿಚಿದ್ದು ತಟತಟ ಕುಂಟುತ್ತದೆ. ನಮ್ಮ ಕಡೆ ನೆಲವೆಲ್ಲ ಶಹಾಬಾದ್ ಕಲ್ಲು, ಸೊಂಟದೆತ್ತರದಿಂದ ಬಿದ್ದರೆ ಮೆತ್ತನೆಯ ಸೀಸಕ್ಕೆ ಪೆಟ್ಟು ಖಚಿತ. ಬಿದ್ದದ್ದನ್ನು ಎತ್ತಿ ಡಬ್ಬಿಗೆ ಹಾಕಬೇಡಿ, ಬೇರೆ ಬಟ್ಟಲಿಗೆ ಹಾಕಿ. ಬ್ಯಾರೆಲಿನ ಬಾಯಿಗೆ ಇಡುವಾಗ ಬೆರಳಿನ ತುದಿಯಿಂದ ಅಂಚು ಮಟ್ಟವಾಗುವವರೆಗೆ ಒತ್ತಿ. ರೈಫಲ್ ಪೆಲೆಟ್ ತುಸು ಉದ್ದವಿದ್ದು ಹೊರಗೆ ಚಾಚಿದರೆ ಮುಚ್ಚುವಾಗ ಅಂಚು ನಜ್ಜುಗುಜ್ಜಾಗುತ್ತದೆ, ಆ ಹೊಡೆತ ಎಲ್ಲಿ ಬೀಳುತ್ತದೋ ಹೇಳಲಾಗದು.

ಸ್ಪ್ರಿಂಗ್ ಪಿಸ್ತೂಲಿಗೆ ಬೇಡ ಎಂದದ್ದಕ್ಕೆ ಕಾರಣ: ಅಲ್ಲಿ ಗಾಳಿ ಮೊದಲೇ ಕಡಿಮೆ, ಭಾರ ಹೆಚ್ಚಿದರೆ ವೇಗ ತೀರಾ ಕುಸಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಪಿಸ್ತೂಲಿನದ್ದು ಬೇರೆ ಕಥೆ. ಅದರ ಅನಿಲದ ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, ಬಿಸಿಯಾದಂತೆ ಏರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಬೆಳಿಗ್ಗೆ ಆರಕ್ಕೆ ಹೊಂದಿಸಿದ ಸೈಟ್ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ, ಪೆಲೆಟ್ ಯಾವುದೇ ಇರಲಿ. ಗಾಳಿ ಸಿಲಿಂಡರನ್ನೂ ಬಿಸಿಲಿನ ಕಾರಿನಲ್ಲಿ ಬಿಡಬೇಡಿ. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ್ದು 45 ಡಿಗ್ರಿಗೆ ಏರಿದರೆ 213 ದಾಟುತ್ತದೆ.

ಇದು ಸೀಸ. ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುವ ಕೆಟ್ಟ ರೂಢಿ ಯಾರಿಗಿದ್ದರೂ ಇವತ್ತೇ ಬಿಡಿಸಿ, ರೊಟ್ಟಿಗೆ ಕೈ ಹಾಕುವ ಮುಂಚೆ ಸೋಪು ಹಚ್ಚಿ ತೊಳೆಸಿ.

ತರಿಸುವಾಗ ತಲೆಯ ಅಳತೆಯ ಜೊತೆ ಬ್ಯಾಚ್ ಸಂಖ್ಯೆಯನ್ನೂ ಕೇಳಿ. ಮೊದಲು ಒಂದೇ ಡಬ್ಬಿ ತರಿಸಿ ಪರೀಕ್ಷಿಸಿ, ಹೊಂದಿದರೆ ಅದೇ ಬ್ಯಾಚಿನ ನಾಲ್ಕೈದು ಡಬ್ಬಿ ಒಟ್ಟಿಗೆ ತರಿಸಿ. ಡಬ್ಬಿಯೊಳಗೆ ಮೇಲುಗಡೆ ಸ್ಪಂಜು ಇದೆಯೇ, ಅಲುಗಿಸಿದರೆ ಗಲಗಲ ಸದ್ದು ಬರುತ್ತದೆಯೇ ಎಂದು ನೋಡಿ. ಸದ್ದು ಬಂದರೆ ಪಾರ್ಸೆಲ್ ತಂದವರ ಎದುರೇ ತೆರೆದು ಫೋಟೋ ತೆಗೆದುಕೊಳ್ಳಿ.