ನಿಲ್ಲಿಸಿದ್ದ ಬೈಕಿಗೆ ಪೆಟ್ಟು ಬಿದ್ದರೆ: ದ್ವಿಚಕ್ರ ವಾಹನದ ‘ಫುಲ್ ಇನ್ಶೂರೆನ್ಸ್’ ಕ್ಲೇಮ್ ಕುರಿತು ಒಂದು ವಿಮರ್ಶೆ

ಬೈಕಿನ ವಿಮೆಯಲ್ಲಿ ಕ್ಲೇಮ್ ಮಾಡುವುದು ನಷ್ಟದ ವ್ಯವಹಾರ, ‘ಬೋನಸ್’ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ ಎಂಬ ಮಾತು ನಮ್ಮೂರಿನ ಗ್ಯಾರೇಜುಗಳಲ್ಲಿ, ಶೋರೂಮುಗಳಲ್ಲಿ, ಕಚೇರಿಯ ಪಾರ್ಕಿಂಗಿನಲ್ಲಿ ಎಲ್ಲೆಡೆ ಕೇಳಿಬರುತ್ತದೆ. ಕಾರುಗಳ ವಿಷಯದಲ್ಲಿ ಈ ಮಾತಿನಲ್ಲಿ ಹುರುಳಿದೆ. ಆದರೆ ಸಾಮಾನ್ಯ 110 ಅಥವಾ 125 ಸಿಸಿ ಬೈಕಿನ ಮಟ್ಟಿಗೆ ಲೆಕ್ಕ ಹಾಕಿ ನೋಡಿದರೆ ಅದು ಹಲವು ಬಾರಿ ತಪ್ಪು ಸಲಹೆಯಾಗುತ್ತದೆ ಎಂಬುದು ಕಳೆದ ಮಳೆಗಾಲದಲ್ಲಿ ನಾನು ಸ್ವತಃ ಕ್ಲೇಮ್ ಮಾಡಿದ ಮೇಲೆ ಬಂದ ಅಭಿಪ್ರಾಯ. ಈ ವಿಮೆಗೆ ಒಂದು ಉತ್ಪನ್ನವಾಗಿ ನಾನು ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಒಂದೂವರೆ ಅಂಕ ಎಲ್ಲಿ ಕಳೆದೆ ಎಂಬುದನ್ನು ಮುಂದೆ ಹೇಳುತ್ತೇನೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವ ನಿಯಮಗಳಲ್ಲಿ ಬಹುಪಾಲು ಎಲ್ಲ ಕಂಪನಿಗಳಿಗೂ ಒಂದೇ.

ಮೊದಲು ನೋಡಬೇಕಾದದ್ದು ನಿಮ್ಮ ಬಳಿ ಈ ವಿಮೆ ಇದೆಯೇ ಎಂಬುದನ್ನು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು (ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ) ಒಟ್ಟಿಗೇ ಮಾಡಿಸುವುದು ಕಡ್ಡಾಯವಾಯಿತು. ಶೋರೂಮಿನಲ್ಲಿ ಕೊಡುವ ಪಾಲಿಸಿಯಲ್ಲಿ ಈ ಐದು ವರ್ಷದ ಭಾಗದ ಜೊತೆಗೆ ನಮ್ಮ ಸ್ವಂತ ವಾಹನದ ಹಾನಿಯನ್ನು ತುಂಬಿಕೊಡುವ ಭಾಗ, ಅಂದರೆ ‘ಓಡಿ’ (ಓನ್ ಡ್ಯಾಮೇಜ್), ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾತ್ರ ಇರುತ್ತದೆ. ‘ಐದು ವರ್ಷದ ಇನ್ಶೂರೆನ್ಸ್ ಉಂಟು’ ಎಂಬ ಧೈರ್ಯದಲ್ಲಿ ಎರಡನೆಯ ವರ್ಷ ಓಡಿಯನ್ನು ನವೀಕರಿಸದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಅಂಥವರ ಬೈಕನ್ನು ಯಾರಾದರೂ ಬೀಳಿಸಿ ಹೋದರೆ ಅವರ ಸ್ವಂತ ಕಂಪನಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಓಡಿ ಭಾಗವನ್ನಷ್ಟೇ ಪ್ರತ್ಯೇಕವಾಗಿ, ಬೇಕಾದರೆ ಬೇರೆ ಕಂಪನಿಯಿಂದಲೂ, ಕೊಳ್ಳುವ ಸೌಲಭ್ಯ 2019ರ ಸೆಪ್ಟೆಂಬರಿನಿಂದ ಇದೆ.

ನಿಲ್ಲಿಸಿದ ವಾಹನಕ್ಕೆ ಕರಾವಳಿಯಲ್ಲಿ ಆಗಬಹುದಾದ ಹಾನಿಗಳಲ್ಲಿ ಹೆಚ್ಚಿನವು ಈ ವಿಮೆಯೊಳಗೆ ಬರುತ್ತವೆ. ಜೂನ್ ಗಾಳಿಗೆ ತೆಂಗಿನ ಮಡಲು ಬೀಳುವುದು, ಪಕ್ಕದ ಆವರಣ ಗೋಡೆ ಕುಸಿಯುವುದು, ಗುಡ್ಡ ಜರಿಯುವುದು, ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಉಡುಪಿಯ ಕಲ್ಸಂಕ, ಬನ್ನಂಜೆಯ ತಗ್ಗಿನಲ್ಲೋ ನೆರೆ ನೀರು ನುಗ್ಗುವುದು, ಕಿಡಿಗೇಡಿಗಳ ಕೃತ್ಯ, ಇನ್ನೊಂದು ವಾಹನ ತಾಗುವುದು, ಇವೆಲ್ಲವೂ ಸೇರಿವೆ. ನೆರೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು: ನೀರು ಇಳಿದ ಕೂಡಲೇ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಒಳಗೆ ಹಾಳಾದರೆ, ಅದು ನೆರೆಯಿಂದ ಆದದ್ದಲ್ಲ, ನಂತರ ನೀವೇ ಮಾಡಿಕೊಂಡದ್ದು ಎಂದು ಕಂಪನಿ ವಾದಿಸಬಹುದು. ಬೈಕ್ ಇದ್ದಲ್ಲೇ ಇದ್ದು ಅದಕ್ಕೆ ಹಾಕಿಸಿದ ಹೆಚ್ಚುವರಿ ಸಾಮಾನನ್ನು ಮಾತ್ರ ಕದ್ದೊಯ್ದರೆ ಅದಕ್ಕೆ ಪರಿಹಾರವಿಲ್ಲ. ಅಂಥ ಸಾಮಾನಿನ ಕಳವು ಇಡೀ ವಾಹನದ ಕಳವಿನೊಂದಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ನನ್ನ ಪ್ರಕರಣ ತೀರಾ ಸಾಮಾನ್ಯವಾದದ್ದು. ಮಂಗಳೂರಿನ ಬಿಜೈಯಲ್ಲಿ ರಸ್ತೆ ಬದಿ ನಿಲ್ಲಿಸಿದ್ದ 125 ಸಿಸಿ ಬೈಕನ್ನು ರಿವರ್ಸ್ ತೆಗೆಯುತ್ತಿದ್ದ ಯಾವುದೋ ಕಾರು ಎಡಕ್ಕೆ ಬೀಳಿಸಿ ಹೋಗಿತ್ತು. ಬಿಳಿ ಬಣ್ಣದ ಕಾರು ಎಂಬುದರಾಚೆಗೆ ಎದುರಿನ ಅಂಗಡಿಯವರಿಗೆ ಏನೂ ನೆನಪಿರಲಿಲ್ಲ, ಅವರ ಕ್ಯಾಮರಾ ರಸ್ತೆಯತ್ತ ಮುಖ ಮಾಡಿರಲಿಲ್ಲ. ಕಾರಿನ ನಂಬರ್ ಸಿಕ್ಕಿದ್ದರೂ ದಾರಿ ಸುಲಭವಾಗಿರುತ್ತಿರಲಿಲ್ಲ. ಎದುರಿನವರ ಥರ್ಡ್ ಪಾರ್ಟಿ ವಿಮೆಯಿಂದ ಹಣ ಪಡೆಯಬೇಕೆಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬೇಕು, ಎಂಟು ಒಂಬತ್ತು ಸಾವಿರದ ನಷ್ಟಕ್ಕೆ ವಕೀಲರನ್ನು ಹಿಡಿಯುವವರು ಯಾರೂ ಇಲ್ಲ. ಹಾಗಾಗಿಯೇ ಸ್ಥಳದಲ್ಲೇ ಸಾವಿರವೋ ಎರಡು ಸಾವಿರವೋ ಕೈಗೆ ಕೊಟ್ಟು ‘ಅಷ್ಟಕ್ಕೆಲ್ಲ ಯಾಕೆ ಮಾರಾಯ್ರೆ ಕಂಪ್ಲೇಂಟು’ ಎಂದು ಮುಗಿಸುವ ಪದ್ಧತಿ ಇಲ್ಲಿ ಬೆಳೆದಿದೆ. ಹಾಗೆ ಹಣ ಪಡೆದವರು ಅದನ್ನು ಮುಚ್ಚಿಟ್ಟು ಪೂರ್ತಿ ಮೊತ್ತಕ್ಕೆ ಕ್ಲೇಮ್ ಮಾಡುವಂತಿಲ್ಲ ಎಂಬುದು ನೆನಪಿರಲಿ. ವಿಮೆ ತುಂಬಿಕೊಡುವುದು ನಷ್ಟವನ್ನು ಮಾತ್ರ, ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಪರಿಹಾರ ಸಲ್ಲುವುದಿಲ್ಲ.

ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೊಟ್ಟ ಎಸ್ಟಿಮೇಟ್ 9,100 ರೂಪಾಯಿಯದ್ದಾಗಿತ್ತು. ಪೆಟ್ರೋಲ್ ಟ್ಯಾಂಕಿಗೆ 4,200, ಹ್ಯಾಂಡಲ್ ಬಾರಿಗೆ 500, ಎಡಗಡೆಯ ಫುಟ್‌ರೆಸ್ಟಿಗೆ 300, ಹೆಡ್‌ಲೈಟ್ ವೈಸರ್, ಸೈಡ್ ಪ್ಯಾನೆಲ್ ಮತ್ತು ಇಂಡಿಕೇಟರುಗಳಿಗೆ ಒಟ್ಟು 2,000, ಕೂಲಿ 1,200, ಮತ್ತು ಬೈಕ್ ಕೊಂಡ ಮೇಲೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ ಲೆಗ್ ಗಾರ್ಡಿಗೆ 900. ಪಟ್ಟಿಯನ್ನು ನನ್ನ ಕೈಗಿಟ್ಟ ಸರ್ವಿಸ್ ಅಡ್ವೈಸರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ಇಷ್ಟಕ್ಕೆ ಕ್ಲೇಮ್ ಮಾಡುವುದು ಬೇಡ ಸರ್, ನಿಮಗೆ ಬೋನಸ್ ಹೋಗ್ತದೆ.” ಎಷ್ಟು ಹೋಗುತ್ತದೆ ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಈ ಸಲಹೆ ಕೊಡುವವರಲ್ಲಿ ಹೆಚ್ಚಿನವರು ಆ ಸಂಖ್ಯೆಯನ್ನು ಲೆಕ್ಕ ಹಾಕಿಯೇ ಇರುವುದಿಲ್ಲ.

ಲೆಕ್ಕ ಹೀಗಿದೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ ಕ್ರಮವಾಗಿ ಶೇ. 20, 25, 35, 45, 50. ಈ ರಿಯಾಯಿತಿ ಓಡಿ ಪ್ರೀಮಿಯಮ್ಮಿಗೆ ಮಾತ್ರ ಅನ್ವಯಿಸುತ್ತದೆ, ಥರ್ಡ್ ಪಾರ್ಟಿ ಭಾಗಕ್ಕೆ ಅಲ್ಲವೇ ಅಲ್ಲ. 2022ರ ಜೂನ್ 1ರಿಂದ ಜಾರಿಯಾದ ದರದಂತೆ 75ರಿಂದ 150 ಸಿಸಿ ವರೆಗಿನ ಬೈಕಿನ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂಪಾಯಿ. ಬೋನಸ್ ಇರಲಿ ಹೋಗಲಿ, ಅದು ಬದಲಾಗುವುದಿಲ್ಲ. ನನ್ನ ಬೈಕಿಗೆ ಐದನೆಯ ವರ್ಷ ನಡೆಯುತ್ತಿತ್ತು, ಮುಂದಿನ ನವೀಕರಣದಲ್ಲಿ ರಿಯಾಯಿತಿ ಶೇ. 50 ಆಗಬೇಕಿತ್ತು. ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿದು ಮತ್ತೆ 20, 25, 35, 45 ಎಂದು ಮೇಲೇರಬೇಕು. ಅಂದರೆ ಮುಂದಿನ ಐದು ನವೀಕರಣಗಳಲ್ಲಿ ನಾನು ಕಳೆದುಕೊಳ್ಳುವುದು ಕ್ರಮವಾಗಿ ಶೇ. 50, 30, 25, 15 ಮತ್ತು 5. ಎಲ್ಲ ಕೂಡಿದರೆ ಶೇ. 125. ಒಂದು ವರ್ಷದ ಓಡಿ ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು ಎಂದರೆ ಸಾಕು. ನನ್ನ ಪಾಲಿಸಿಯಲ್ಲಿ ಬೋನಸ್ ಕಳೆಯುವ ಮುಂಚಿನ ಓಡಿ ಪ್ರೀಮಿಯಂ ಸುಮಾರು 700 ರೂಪಾಯಿ. ಅದರ ಒಂದೂಕಾಲು ಪಟ್ಟು 875, ಶೇ. 18ರ ಜಿಎಸ್‌ಟಿ ಸೇರಿಸಿದರೆ 1,030ರ ಆಸುಪಾಸು. ಬೈಕಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ನಿಜವಾದ ನಷ್ಟ ಇನ್ನೂ ಕಡಿಮೆಯೇ. ಇಷ್ಟು ಸಣ್ಣ ಮೊತ್ತಕ್ಕೆ ಹೆದರಿ ಜನ ಸಾವಿರಾರು ರೂಪಾಯಿಯ ಪರಿಹಾರವನ್ನು ಕೈಬಿಡುತ್ತಿದ್ದಾರೆ. ಬೈಕ್ ಹೊಸದಿದ್ದು ಬೋನಸ್ ಇನ್ನೂ ಶೇ. 20ರಲ್ಲೇ ಇದ್ದರೆ ನಷ್ಟ ಮತ್ತಷ್ಟು ಕಡಿಮೆ, ಒಂದು ವರ್ಷದ ಪ್ರೀಮಿಯಮ್ಮಿನ ಶೇ. 80ರಷ್ಟು. ಓಡಿ ಪ್ರೀಮಿಯಮ್ಮೇ ಮೂರು ಸಾವಿರ ದಾಟುವ ದುಬಾರಿ ಬೈಕುಗಳ ಮಾತು ಬೇರೆ, ಅಲ್ಲಿ ಶೇ. 50ರ ಬೋನಸ್ ಬಿಟ್ಟರೆ ತೆರಿಗೆ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಹೋಗುವುದರಿಂದ, ಒಂದು ಇಂಡಿಕೇಟರ್ ಒಡೆದದ್ದಕ್ಕೆ ಕ್ಲೇಮ್ ಮಾಡುವುದು ಖಂಡಿತ ಬೇಡ.

ಹಾಗಾದರೆ ಪರಿಹಾರವಾಗಿ ಸಿಗುವುದೆಷ್ಟು? ಇಲ್ಲಿಯೇ ಸಾಮಾನ್ಯ ಗ್ರಾಹಕ ಕಂಗೆಡುವುದು. ಎಸ್ಟಿಮೇಟಿನ ಮೊತ್ತವನ್ನು ಕಂಪನಿ ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗಳಿಗೆ ಬೈಕಿನ ವಯಸ್ಸು ಎಷ್ಟೇ ಇರಲಿ ಶೇ. 50 ಸವಕಳಿ (ಹಳೆಯದಾದಂತೆ ಇಳಿಯುವ ಬೆಲೆ) ಕಳೆಯುತ್ತಾರೆ. ಲೋಹದ ಭಾಗಗಳಿಗೆ ಆರು ತಿಂಗಳವರೆಗೆ ಏನೂ ಕಳೆಯುವುದಿಲ್ಲ, ಆಮೇಲೆ ವಯಸ್ಸಿನೊಂದಿಗೆ ಏರುತ್ತಾ ನಾಲ್ಕರಿಂದ ಐದು ವರ್ಷದ ಬೈಕಿಗೆ ಶೇ. 35, ಹತ್ತು ವರ್ಷ ದಾಟಿದರೆ ಶೇ. 50 ಆಗುತ್ತದೆ. ಕೂಲಿಗೆ ಸವಕಳಿ ಇಲ್ಲ. ಇದರ ಮೇಲೆ ದ್ವಿಚಕ್ರ ವಾಹನಕ್ಕೆ 100 ರೂಪಾಯಿಯ ಕಡ್ಡಾಯ ಕಡಿತ. ನನ್ನ ಪಟ್ಟಿಯಲ್ಲಿ ಲೋಹದ 5,000ಕ್ಕೆ 3,250, ಪ್ಲಾಸ್ಟಿಕ್ಕಿನ 2,000ಕ್ಕೆ 1,000, ಕೂಲಿ ಪೂರ್ತಿ 1,200 ಬಂದು, ಕಡಿತ ಕಳೆದು 5,350 ಮಂಜೂರಾಯಿತು. ಲೆಗ್ ಗಾರ್ಡ್ ಪಾಲಿಸಿಯಲ್ಲಿ ನಮೂದಾಗಿಲ್ಲದ ಹೆಚ್ಚುವರಿ ಸಾಮಾನಾದ್ದರಿಂದ ಅದಕ್ಕೆ ಏನೂ ಇಲ್ಲ. ನನ್ನ ಕೈಯಿಂದ ಹೋದದ್ದು 3,750. ಸವಕಳಿ ಕಳೆಯದಂತೆ ಮಾಡುವ ‘ಝೀರೋ ಡೆಪ್’ ಎಂಬ ಹೆಚ್ಚುವರಿ ರಕ್ಷಣೆಯನ್ನು ಸೇರಿಸಿಕೊಂಡವರಿಗೆ ಇದರಲ್ಲಿ ಸವಕಳಿಯ 2,750 ಉಳಿಯುತ್ತಿತ್ತು.

ಹೋಲಿಸಬೇಕಾದದ್ದು ಸರ್ವಿಸ್ ಸೆಂಟರಿನ ಎಸ್ಟಿಮೇಟನ್ನು ಮಾತ್ರವಲ್ಲ, ಹೊರಗಿನ ಮೆಕ್ಯಾನಿಕ್ ಎಷ್ಟಕ್ಕೆ ಮಾಡಿಕೊಡುತ್ತಾರೆ ಎಂಬುದನ್ನೂ. ಬೆಂದೂರುವೆಲ್ ಕಡೆಯ ಪರಿಚಯದ ಗ್ಯಾರೇಜಿನವರು ಟ್ಯಾಂಕಿನ ತಗ್ಗು ಎತ್ತಿ, ಬಣ್ಣ ಹೊಡೆದು, ಪ್ಲಾಸ್ಟಿಕ್ ಭಾಗಗಳಿಗೆ ಕಡಿಮೆ ಬೆಲೆಯ ಬದಲಿ ಸಾಮಾನು ಹಾಕಿ 4,000ಕ್ಕೆ ಮುಗಿಸುವುದಾಗಿ ಹೇಳಿದ್ದರು. ಕ್ಲೇಮಿನ ದಾರಿಯಲ್ಲಿ ನನ್ನ ಖರ್ಚು ಬೋನಸ್ಸಿನ ನಷ್ಟವೂ ಸೇರಿ ಸುಮಾರು 4,780. ಹೆಚ್ಚು ಕೊಡಬೇಕಾದ 780 ರೂಪಾಯಿಗೆ ಹೊಸ ಟ್ಯಾಂಕ್, ಕಂಪನಿಯ ಬಣ್ಣ, ಎಲ್ಲ ಮೂಲ ಬಿಡಿಭಾಗಗಳು ಸಿಗುವುದಾದರೆ ಕ್ಲೇಮ್ ಒಳ್ಳೆಯದು ಎಂದು ನಾನು ನಿರ್ಧರಿಸಿದೆ. ಬೈಕನ್ನು ಬೇಗನೆ ಮಾರುವ ಯೋಚನೆಯಲ್ಲಿರುವವರು, ಅಥವಾ ಟ್ಯಾಂಕಿನ ಮೇಲೆ ಸಣ್ಣ ಉಬ್ಬುತಗ್ಗು ಉಳಿದರೂ ಚಿಂತೆಯಿಲ್ಲ ಎನ್ನುವವರು ಗ್ಯಾರೇಜಿನ ದಾರಿ ಹಿಡಿದರೆ ಅದೂ ತಪ್ಪಲ್ಲ.

ಇನ್ನು ಸೇವೆಯ ಗುಣಮಟ್ಟ. ಕಂಪನಿಯ ಆ್ಯಪಿನಲ್ಲಿ ಕ್ಲೇಮ್ ದಾಖಲಿಸುವುದು ಸುಲಭವಾಗಿತ್ತು. ನಷ್ಟ 50,000 ರೂಪಾಯಿಗಿಂತ ಕಡಿಮೆಯಿದ್ದರೆ ನಷ್ಟವನ್ನು ಅಂದಾಜಿಸುವ ಪರವಾನಗಿ ಹೊಂದಿದ ಸರ್ವೇಯರ್ ಬರಲೇಬೇಕೆಂಬ ನಿಯಮವಿಲ್ಲದ ಕಾರಣ, ಕಂಪನಿಯ ಸಿಬ್ಬಂದಿಯೇ ವಿಡಿಯೋ ಕರೆಯಲ್ಲಿ ಬೈಕ್ ನೋಡಿದರು. ‘ಚಾಲಕ ಯಾರು’ ಎಂಬ ಅಂಕಣ ನಿಲ್ಲಿಸಿದ್ದ ಬೈಕಿಗೂ ಕಡ್ಡಾಯ. ಅಲ್ಲಿ ಕೆಲವರು ಏಜೆಂಟರ ಮಾತು ಕೇಳಿ ‘ನಾಯಿ ಅಡ್ಡ ಬಂತು, ಬಿದ್ದೆ’ ಎಂಬ ಕಥೆ ಬರೆಯುತ್ತಾರೆ. ಅದರ ಅಗತ್ಯವೇ ಇಲ್ಲ, ನಿಲ್ಲಿಸಿದ್ದಾಗ ಅಪರಿಚಿತ ವಾಹನ ತಾಗಿತು ಎಂದು ಇದ್ದದ್ದನ್ನು ಇದ್ದಂತೆ ಬರೆದರೂ ಕ್ಲೇಮ್ ಸಲ್ಲುತ್ತದೆ, ನನ್ನದು ಸಂದಿದೆ. ಯಾರಿಗೂ ಗಾಯವಾಗದ ಕಾರಣ ಎಫ್‌ಐಆರ್ ಕೇಳಲಿಲ್ಲ.

ತಕರಾರು ಬಂದದ್ದು ಎರಡು ಕಡೆ. ನಮ್ಮ ಉಪ್ಪು ಗಾಳಿಗೆ ಸೈಲೆನ್ಸರಿನ ಬೆಸುಗೆಯ ಬಳಿ ಮೊದಲೇ ತುಕ್ಕು ಹಿಡಿದಿತ್ತು. ವಿಡಿಯೋದಲ್ಲಿ ಅದನ್ನು ಕಂಡ ಸಿಬ್ಬಂದಿ ಎಡಬದಿಯ ಗೀರುಗಳನ್ನೂ ಹಳೆಯವೆಂದು ಸೇರಿಸಿಬಿಡಲು ನೋಡಿದರು. ಹೊಸ ಗೀರಿನಲ್ಲಿ ಲೋಹ ಹೊಳೆಯುತ್ತದೆ, ಹಳೆಯದರಲ್ಲಿ ಕೆಂಪು ಕಟ್ಟಿರುತ್ತದೆ. ಬೈಕ್ ಬಿದ್ದ ದಿನವೇ ಹತ್ತಿರದಿಂದ ತೆಗೆದಿಟ್ಟಿದ್ದ ಚಿತ್ರಗಳನ್ನು ಕಳುಹಿಸಿದ ಮೇಲೆ ಆ ಮಾತು ನಿಂತಿತು. ಕರಾವಳಿಯಲ್ಲಿ ಒಂದೇ ರಾತ್ರಿಯ ಮಳೆಗೆ ಹೊಸ ಗೀರೂ ತುಕ್ಕು ಹಿಡಿಯಲು ತೊಡಗುತ್ತದೆ, ಆದ್ದರಿಂದ ಚಿತ್ರಗಳನ್ನು ಅದೇ ದಿನ ತೆಗೆಯಬೇಕು. ಎರಡನೆಯದು ಟ್ಯಾಂಕಿನದ್ದು. ಬದಲಾಯಿಸುವುದು ಬೇಡ, ತಗ್ಗು ಎತ್ತಿದರೆ ಸಾಕು ಎಂದು ಮೊದಲು ಬರೆದಿದ್ದರು. ತಗ್ಗು ಟ್ಯಾಂಕಿನ ಕೆಳ ಅಂಚಿನ ಬೆಸುಗೆಯವರೆಗೆ ಮಡಿಚಿಕೊಂಡಿತ್ತು. ಅಲ್ಲಿ ಬಡಿದು ಸರಿಮಾಡಿದರೆ ಪೆಟ್ರೋಲ್ ಜಿನುಗಬಹುದು ಎಂದು ಸರ್ವಿಸ್ ಸೆಂಟರಿನವರು ಲಿಖಿತವಾಗಿ ತಿಳಿಸಿದ ಬಳಿಕ ಒಪ್ಪಿದರು. ಕ್ಲೇಮ್ ಬೇಡವೆಂದಿದ್ದ ಅದೇ ಅಡ್ವೈಸರ್ ಈ ಪತ್ರವನ್ನು ತಾವಾಗಿ ಮುಂದೆ ಬಂದು ಬರೆದುಕೊಟ್ಟರು. ಹೀಗೆ ಒಪ್ಪಿಗೆಯಾಗದೆ ಹೋದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಅರ್ಧ ಅಂಕ ಹೋದದ್ದು ಈ ಎರಡು ತಕರಾರುಗಳಿಗೆ. ಉಳಿದ ಪೂರ್ತಿ ಒಂದು ಅಂಕವನ್ನು ನಾನು ಕಳೆದದ್ದು ಬೋನಸ್ಸಿನ ನಿಯಮಕ್ಕೆ. ಎಂಜಿನ್ ಆರಿಸಿ, ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಲಾಕ್ ಮಾಡಿ ನಿಲ್ಲಿಸಿದ ಬೈಕಿಗೆ ಬೇರೆಯವರು ಪೆಟ್ಟು ಕೊಟ್ಟರೂ, ಕುಡಿಯದೆ, ಬೀಳದೆ ವರ್ಷಾನುಗಟ್ಟಲೆ ಓಡಿಸಿದವನ ರಿಯಾಯಿತಿ ಸೊನ್ನೆಯಾಗುತ್ತದೆ. ನಿಯಮ ನೋಡುವುದು ಕ್ಲೇಮ್ ಆಯಿತೇ ಇಲ್ಲವೇ ಎಂಬುದನ್ನು ಮಾತ್ರ, ತಪ್ಪು ಯಾರದು ಎಂಬುದನ್ನಲ್ಲ. ಬೋನಸ್ ಉಳಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ ಕೆಲವು ಕಂಪನಿಗಳಲ್ಲಿ ಸಿಗುತ್ತದೆ. ಆದರೆ ಏಳುನೂರರ ಪ್ರೀಮಿಯಮ್ಮಿನ ಬೈಕಿಗೆ ಅದನ್ನು ಕೊಳ್ಳುವುದು ನನಗೆ ಅರ್ಥವಿಲ್ಲದ ಖರ್ಚಾಗಿ ಕಾಣುತ್ತದೆ. ಆ ಹಣವನ್ನು ಝೀರೋ ಡೆಪ್‌ಗೆ ಹಾಕುವುದು ಮೇಲು, ಅದನ್ನು ಸಾಮಾನ್ಯವಾಗಿ ಕೊಡುವುದು ಬೈಕಿಗೆ ಐದು ವರ್ಷ ತುಂಬುವವರೆಗೆ ಮಾತ್ರ.

ನವೀಕರಣದ ಹೊತ್ತಿಗೆ ಒಬ್ಬ ಏಜೆಂಟರು ಬೇರೆ ಕಂಪನಿಗೆ ಹೋದರೆ ಶೇ. 50 ಬೋನಸ್ ಹಾಕಿಸಿಕೊಡುವುದಾಗಿ ಹೇಳಿದರು. ಹೊಸ ಕಂಪನಿ ಹಳೆಯ ಕಂಪನಿಯಿಂದ ಕ್ಲೇಮಿನ ವಿವರ ತರಿಸಿಕೊಳ್ಳುತ್ತದೆ, ಸುಳ್ಳು ಘೋಷಣೆ ಹೊರಬಿದ್ದರೆ ಮುಂದಿನ ಕ್ಲೇಮೇ ತಿರಸ್ಕಾರವಾಗಬಹುದು. ಮುನ್ನೂರು ನಾನೂರು ರೂಪಾಯಿ ಉಳಿಸಲು ಅಷ್ಟು ದೊಡ್ಡ ಅಪಾಯ ಬೇಕಿಲ್ಲ. ಬೋನಸ್ ಶೂನ್ಯವೆಂದೇ ಬರೆಸಿ ಅದೇ ಕಂಪನಿಯಲ್ಲಿ ನವೀಕರಿಸಿದ್ದೇನೆ, ಹೊಸ ಲೆಗ್ ಗಾರ್ಡನ್ನು ಈ ಬಾರಿ ಬಿಲ್ ಸಮೇತ ಪಾಲಿಸಿಯಲ್ಲಿ ನಮೂದಿಸಲು ಕೊಟ್ಟಿದ್ದೇನೆ.