ಥೀಸಿಸ್ ಮೇಜಿನ ಮೇಲೊಂದು ಕೀ ಕೊಡುವ ಟೈಮರ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಅಡುಗೆಮನೆಗೆಂದು ಮಾಡಿದ ಟೈಮರ್ ಇದು. ನನ್ನಲ್ಲಿ ಮಾತ್ರ ಓದುವ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಎಡಕ್ಕೆ ಕೂತಿದೆ. ಹದಿನಾಲ್ಕು ತಿಂಗಳಲ್ಲಿ ಇದನ್ನು ಪಕ್ಕದಲ್ಲಿಟ್ಟುಕೊಂಡು ಥೀಸಿಸ್ಸಿನ ನಾಲ್ಕು ಅಧ್ಯಾಯ ಬರೆದಿದ್ದೇನೆ. ಬರೆಯಲು ಕೂತು ಒದ್ದಾಡುತ್ತಿರುವವರಿಗೆ ಉಪಯೋಗವಾಗಲಿ ಅಂತ ಇದರ ಗುಣ ದೋಷ ಎರಡನ್ನೂ ಹೇಳುತ್ತೇನೆ.

ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ದುಂಡನೆಯ ಪ್ಲಾಸ್ಟಿಕ್ ಡಬ್ಬಿ. ಮೇಲಿನ ಅರ್ಧ ತಿರುಗುತ್ತದೆ, ಕೆಳಗಿನದು ತಿರುಗುವುದಿಲ್ಲ. ಸುತ್ತ 0ಯಿಂದ 55ರವರೆಗೆ ಐದೈದು ನಿಮಿಷಕ್ಕೊಂದು ಅಂಕಿ. ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಬಿಟ್ಟರೆ ಟಿಕ್ ಟಿಕ್ ಅನ್ನುತ್ತಾ ಸಡಿಲವಾಗುತ್ತದೆ. ಸೊನ್ನೆಗೆ ಬಂದಾಗ ಐದಾರು ಸೆಕೆಂಡ್ ಗಂಟೆ ಹೊಡೆದು ತಾನೇ ಸುಮ್ಮನಾಗುತ್ತದೆ. ಇನ್ನು ಐದು ನಿಮಿಷ ಬಿಟ್ಟು ಹೊಡಿ ಅಂತ ಹೇಳಲು ಗುಂಡಿ ಇಲ್ಲ. ನಿಲ್ಲಿಸಲೂ ಗುಂಡಿ ಇಲ್ಲ.

ಇದನ್ನು ತರುವ ಮೊದಲು ನನ್ನ ಸ್ಥಿತಿ ಹೇಗಿತ್ತು ಅಂತ ಹೇಳಬೇಕು. ಇರುವೆಗಳು ದಾರಿ ಹೇಗೆ ಬದಲಿಸುತ್ತವೆ ಅನ್ನುವುದು ನನ್ನ ವಿಷಯ. ನಾಲ್ಕು ವರ್ಷದ ಡೇಟಾ ಕೈಯಲ್ಲಿತ್ತು. ಗ್ರಾಫುಗಳು ತಯಾರಿದ್ದವು. ಬರೆಯುವುದೊಂದೇ ಬಾಕಿ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಮಧ್ಯಾಹ್ನಕ್ಕೆ ಒಂದು ಪ್ಯಾರಾ ಆಗಿರುತ್ತಿತ್ತು. ಕೆಲವು ದಿನ ಅದೂ ಇಲ್ಲ. ಫೋನ್ ಒಂದು ಕಾರಣ, ಸರಿ. ಆದರೆ ಜಾಸ್ತಿ ಹೊತ್ತು ತಿಂದದ್ದು ಕೆಲಸದ ವೇಷದಲ್ಲೇ ಬರುವ ಕೆಲಸಗಳು. ಒಂದು ದಿನ ಒಂದು ಪೇಪರಿನ ವರ್ಷ ಬೇಕಾಗಿತ್ತು. ಬರೀ ವರ್ಷ. ಬ್ರೌಸರ್ ತೆರೆದೆ. ಆ ಪೇಪರ್ ಇನ್ನೊಂದನ್ನು ತೋರಿಸಿತು, ಅದು ಮತ್ತೆರಡನ್ನು. ತಲೆ ಎತ್ತುವಾಗ ಹದಿನೇಳು ಟ್ಯಾಬ್ ತೆರೆದಿದ್ದವು, ಎರಡು ಗಂಟೆ ಕಳೆದಿತ್ತು. ಡ್ರಾಫ್ಟಿನಲ್ಲಿ ವರ್ಷ ಬರೆಯಬೇಕಾಗಿದ್ದ ಜಾಗ ಹಾಗೇ ಖಾಲಿ ಇತ್ತು. ಓದುತ್ತಾ ಇದ್ದೆನಲ್ಲ ಅಂತ ಮನಸ್ಸಿಗೆ ಸಮಾಧಾನ ಬೇರೆ. ಆ ಸಮಾಧಾನವೇ ಅಪಾಯದ್ದು. ಆಟ ನೋಡುತ್ತಾ ಕೂತಿದ್ದರೆ ತಪ್ಪು ಮಾಡುತ್ತಿದ್ದೇನೆ ಅಂತಾದರೂ ಅನ್ನಿಸುತ್ತಿತ್ತು, ಅಲ್ವಾ?

ಮೊದಲು ಫೋನಿನ ಆ್ಯಪ್‌ಗಳನ್ನೇ ಬಳಸಿ ನೋಡಿದೆ. ಗಿಡ ಬೆಳೆಸುವಂಥದ್ದು, ಗಂಟೆ ಲೆಕ್ಕ ಇಡುವಂಥದ್ದು, ಹೀಗೆ ಐದು. ಅವು ಕೆಟ್ಟವು ಅಂತಲ್ಲ. ತೊಂದರೆ ಏನೆಂದರೆ, ಟೈಮರ್ ಶುರು ಮಾಡಲು ಫೋನ್ ಕೈಗೆ ಬರಬೇಕು. ಕೈಗೆ ಬಂದರೆ ಮೇಲೆ ನಾಲ್ಕು ಮೆಸೇಜ್ ಕಾಣುತ್ತವೆ. ಯಾರಿಂದ ತಪ್ಪಿಸಿಕೊಳ್ಳಬೇಕೋ ಅವರನ್ನೇ ಕಾವಲಿಗೆ ಕೂರಿಸಿದ ಹಾಗೆ. 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ ಇದೆ. ಕೆಲವರ ಫೋನನ್ನು ಮೇಜಿನ ಮೇಲೆ ಕವುಚಿ ಇಡಿಸಿದರು, ಕೆಲವರದು ಜೇಬಿನಲ್ಲೋ ಬ್ಯಾಗಿನಲ್ಲೋ, ಇನ್ನು ಕೆಲವರದು ಬೇರೆ ಕೋಣೆಯಲ್ಲಿ. ಫೋನ್ ಸದ್ದು ಮಾಡದೆ ಇದ್ದರೂ ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಪರೀಕ್ಷೆಗಳನ್ನು ಮೇಜಿನ ಮೇಲೆ ಇಟ್ಟವರಿಗಿಂತ ಚೆನ್ನಾಗಿ ಮಾಡಿದರು. ಆಮೇಲೆ ಬಂದ ಕೆಲವು ಅಧ್ಯಯನಗಳಿಗೆ ಇದೇ ಫಲಿತಾಂಶ ಸಿಕ್ಕಿಲ್ಲ, ಅದನ್ನೂ ಹೇಳಬೇಕು. ನನ್ನ ಮಟ್ಟಿಗೆ ಮಾತ್ರ ಫೋನ್ ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗೇ ಹೋಗುತ್ತದೆ. ಈ ಟೈಮರ್ ಬಂದ ಮೇಲೆ ಫೋನನ್ನು ಕೋಣೆಯಿಂದ ಹೊರಗೆ ಇಡಲು ಸಾಧ್ಯವಾಯಿತು. ಹೊತ್ತು ನೋಡಬೇಕು ಅನ್ನುವ ನೆವ ಇಲ್ಲವಾಯಿತು. ಇದರಿಂದಾದ ದೊಡ್ಡ ಲಾಭ ಇದೇ.

25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ಸ್ವಲ್ಪ ದೊಡ್ಡ ಬಿಡುವು. ಈ ಪೊಮೊಡೊರೊ ಪದ್ಧತಿ ನಿಮಗೂ ಗೊತ್ತಿರಬಹುದು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಇದನ್ನು ರೂಪಿಸಿದಾಗ ಅವರೂ ವಿದ್ಯಾರ್ಥಿ. ಓದಿನಲ್ಲಿ ಗಮನ ನಿಲ್ಲದೆ ಟೊಮೆಟೊ ಆಕಾರದ ಅಡುಗೆ ಟೈಮರಿಗೆ ಕೀ ಕೊಟ್ಟು ಕೂತರು. ಪೊಮೊಡೊರೊ ಅಂದರೆ ಇಟಾಲಿಯನ್ ಭಾಷೆಯಲ್ಲಿ ಟೊಮೆಟೊ.

ನಾನೂ 25ರಿಂದಲೇ ಶುರು ಮಾಡಿದೆ. ಫಲಿತಾಂಶದ ಅಧ್ಯಾಯಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಒಂದು ಗ್ರಾಫ್, ಒಂದು ಸುತ್ತು. ಚರ್ಚೆಯ ಅಧ್ಯಾಯಕ್ಕೆ ಬಂದಾಗ ಲೆಕ್ಕ ತಪ್ಪಿತು. ಅಲ್ಲಿ ನಿನ್ನೆಯ ವಾದ ಎಲ್ಲಿಗೆ ಬಂದು ನಿಂತಿತ್ತು ಅಂತ ನೆನಪು ಮಾಡಿಕೊಳ್ಳಲಿಕ್ಕೇ ಹದಿನೈದು ನಿಮಿಷ ಬೇಕು. ಇನ್ನೇನು ಎಳೆ ಸಿಕ್ಕಿತು ಅನ್ನುವಾಗ ಗಂಟೆ ಹೊಡೆದರೆ ಅಳುವೇ ಬರುತ್ತದೆ. ಈಗ ಚರ್ಚೆಗೆ 50 ನಿಮಿಷ, ರೆಫರೆನ್ಸ್ ಸರಿ ಮಾಡಲು 25, ಟೇಬಲ್ ತಿದ್ದಲು 15. ಅಂಕಿಗಿಂತ ಕೆಲಸ ಮುಖ್ಯ. 25 ಅನ್ನುವುದನ್ನು ವ್ರತದ ಹಾಗೆ ಹಿಡಿಯಬೇಡಿ.

ಗಂಟೆ ಹೊಡೆದ ತಕ್ಷಣ ಎದ್ದು ಹೋಗಲೂಬೇಡಿ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಭಾಗ ಹಿಂದೆಯೇ ಉಳಿಯುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದರು. 2018ರಲ್ಲಿ ಥೆರೇಸಾ ಗ್ಲಾಂಬ್ ಜೊತೆ ಮಾಡಿದ ಅಧ್ಯಯನದಲ್ಲಿ ಅದಕ್ಕೊಂದು ಸುಲಭ ಉಪಾಯವನ್ನೂ ಕಂಡುಕೊಂಡರು. ಬಿಡುವ ಮೊದಲು, ಎಲ್ಲಿದ್ದೇನೆ, ವಾಪಸ್ ಬಂದಾಗ ಏನು ಮಾಡಬೇಕು ಅಂತ ಒಂದು ನಿಮಿಷ ಬರೆದಿಡುವುದು. ನಾನು ಡ್ರಾಫ್ಟಿನಲ್ಲೇ ಬರೆಯುತ್ತೇನೆ. ನಿನ್ನೆ ಬರೆದದ್ದು ಹೀಗಿತ್ತು: "ಮಳೆ ದಿನಗಳ ಡೇಟಾ ಬಿಟ್ಟರೂ ಫಲಿತಾಂಶ ಬದಲಾಗುವುದಿಲ್ಲ ಅಂತ ಹೇಳು, ಆಮೇಲೆ ಚಿತ್ರ 4ಕ್ಕೆ ಹೋಗು." ಇಷ್ಟಿದ್ದರೆ ಮರುದಿನ ಕೂತ ಎರಡೇ ನಿಮಿಷಕ್ಕೆ ಕೈ ಓಡುತ್ತದೆ.

ಟೈಮರಿನ ಕೆಳಗೆ ಒಂದು ಚೀಟಿ ಇಡುತ್ತೇನೆ. ಗೈಡಿಗೆ ಮೇಲ್ ಹಾಕಬೇಕು, ಫೀಸ್ ಕಟ್ಟಬೇಕು, ಆ ಪೇಪರ್ ಹುಡುಕಬೇಕು, ತಲೆಗೆ ಏನು ಬಂದರೂ ಅದರ ಮೇಲೆ ಒಂದು ಪದ. ಎದ್ದು ಹೋಗುವ ಹಾಗಿಲ್ಲ. ರೆಫರೆನ್ಸ್ ಬೇಕಾದ ಕಡೆ ಮೂರು ನಕ್ಷತ್ರ ಹಾಕಿ ಮುಂದೆ ಹೋಗುತ್ತೇನೆ. ಸಂಜೆಯ ಕೊನೆಯ ಸುತ್ತಿನಲ್ಲಿ ಆ ನಕ್ಷತ್ರಗಳನ್ನು ಹುಡುಕಿ ಒಂದೊಂದಾಗಿ ತುಂಬುತ್ತೇನೆ. ಹದಿನೇಳು ಟ್ಯಾಬಿನ ಕಾಯಿಲೆ ವಾಸಿಯಾದದ್ದು ಹೀಗೆ.

ಈಗ ದೋಷಗಳು. ಸದ್ದು ಜಾಸ್ತಿ. ಮರದ ಮೇಜಿನ ಮೇಲೆ ನೇರವಾಗಿ ಇಟ್ಟರೆ ಮೇಜೇ ಟಿಕ್ ಟಿಕ್ ಅನ್ನುತ್ತದೆ. ನಾಲ್ಕು ಮಡಿಕೆ ಬಟ್ಟೆ ಹಾಕಿ ಇಟ್ಟೆ, ಅರ್ಧ ಕಡಿಮೆಯಾಯಿತು. ಆ ಸದ್ದು ಈಗ ನನಗೆ ಇಷ್ಟ, ಅದು ಕೇಳುತ್ತಿದ್ದರೆ ಕೆಲಸದ ಹೊತ್ತು ಅಂತ ಮನಸ್ಸಿಗೆ ಗೊತ್ತಾಗುತ್ತದೆ. ಎಲ್ಲರಿಗೂ ಹಾಗೆ ಅನ್ನಿಸಲಿಕ್ಕಿಲ್ಲ. ಸದ್ದಿಗೆ ತಲೆನೋವು ಬರುವವರು ತರಲೇಬೇಡಿ. ಲೈಬ್ರರಿಗೆ, ಇನ್ನೊಬ್ಬರ ಜೊತೆ ಹಂಚಿಕೊಂಡ ಕೋಣೆಗೆ ಇದು ಆಗುವುದಿಲ್ಲ. ಅಲ್ಲಿಗೆ ಮರಳು ಗಡಿಯಾರ ಒಳ್ಳೆಯದು.

ಸಮಯವೂ ಅಷ್ಟು ಕರಾರುವಾಕ್ಕಲ್ಲ. ಚಿಕ್ಕ ಅಂಕಿಗೆ ನೇರವಾಗಿ ತಿರುಗಿಸಿದರೆ ಸ್ಪ್ರಿಂಗ್ ಸರಿಯಾಗಿ ಬಿಗಿಯಾಗುವುದಿಲ್ಲ, ಕೆಲವು ಸಲ ಮಧ್ಯದಲ್ಲೇ ನಿಂತುಬಿಡುತ್ತದೆ. ಮೊದಲು 55ರವರೆಗೆ ತಿರುಗಿಸಿ, ಆಮೇಲೆ ಹಿಂದಕ್ಕೆ ಬೇಕಾದ ಅಂಕಿಗೆ ತರಬೇಕು. ಇದು ಗೊತ್ತಿಲ್ಲದೆ ಮೊದಲ ವಾರ ವಾಪಸ್ ಕೊಟ್ಟುಬಿಡೋಣ ಅಂತಿದ್ದೆ. ಎಷ್ಟು ಸುತ್ತಾಯಿತು ಅಂತ ಲೆಕ್ಕವನ್ನೂ ಇದು ಇಡುವುದಿಲ್ಲ. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತೇನೆ. ಒಳ್ಳೆಯ ದಿನ ಎಂಟು ಗೀಟು.

ಲ್ಯಾಪ್‌ಟಾಪಿನ ಒಳಗಿನ ಗಲಾಟೆಗೆ ಈ ಡಬ್ಬಿ ಏನೂ ಮಾಡಲಾರದು. ಅದಕ್ಕೆ ಬೇರೆ ಬೀಗ ಬೇಕು. ನನ್ನದು ಮ್ಯಾಕ್, ಹಾಗಾಗಿ ಸೆಲ್ಫ್‌ಕಂಟ್ರೋಲ್ ಅನ್ನುವ ಆ್ಯಪ್ ಹಾಕಿಕೊಂಡಿದ್ದೇನೆ. ಉಚಿತ. ಬೇಡದ ಸೈಟುಗಳ ಪಟ್ಟಿ ಕೊಟ್ಟು ಒಮ್ಮೆ ಶುರು ಮಾಡಿದರೆ ಮುಗಿಯಿತು, ರೀಸ್ಟಾರ್ಟ್ ಮಾಡಿದರೂ ಆ್ಯಪನ್ನೇ ಅಳಿಸಿದರೂ ಹೊತ್ತು ಮುಗಿಯುವವರೆಗೆ ಆ ಸೈಟುಗಳು ತೆರೆಯುವುದಿಲ್ಲ. ವಿಂಡೋಸ್ ಇರುವವರು ಇದೇ ಥರದ ಕೋಲ್ಡ್ ಟರ್ಕಿ ನೋಡಬಹುದು.

ಇನ್ನೊಂದು ಮಾತು. ಏನು ಬರೆಯಬೇಕು ಅಂತಲೇ ಗೊತ್ತಿಲ್ಲದ ದಿನ ಟೈಮರಿನಿಂದ ಉಪಯೋಗವಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಹನ್ನೊಂದು ದಿನ ಸಿಕ್ಕಿಹಾಕಿಕೊಂಡೆ. ದಿನಾ ಕೀ ಕೊಟ್ಟೆ, ದಿನಾ ಗಂಟೆ ಹೊಡೆಯಿತು, ಪುಟ ಮುಂದೆ ಹೋಗಲಿಲ್ಲ. ನನಗೆ ಶಿಸ್ತು ಇಲ್ಲ ಅಂತ ತುಂಬಾ ನೊಂದುಕೊಂಡೆ. ನಿಜವಾದ ಕಾರಣ ಬೇರೆ ಇತ್ತು. ಎರಡು ಗ್ರಾಫುಗಳು ಒಂದಕ್ಕೊಂದು ವಿರುದ್ಧ ಹೇಳುತ್ತಿದ್ದವು, ನಾನು ಅದನ್ನು ನೋಡಿಯೂ ನೋಡದ ಹಾಗೆ ದಾಟಲು ಹೊರಟಿದ್ದೆ. ಲ್ಯಾಬಿನ ಗೆಳತಿಗೆ ಅಧ್ಯಾಯವನ್ನು ಬಾಯಿಮಾತಿನಲ್ಲಿ ವಿವರಿಸಲು ಹೋದಾಗ ಮೂರನೇ ವಾಕ್ಯಕ್ಕೇ ತಡವರಿಸಿದೆ. ಆಗ ಗೊತ್ತಾಯಿತು. ಒಂದು ಗ್ರಾಫಿನಲ್ಲಿ ಎರಡು ಗೂಡುಗಳ ಡೇಟಾ ಸೇರಿಹೋಗಿತ್ತು. ಬೇರೆ ಮಾಡಿದ ಮೇಲೆ ಐದು ದಿನಕ್ಕೆ ಅಧ್ಯಾಯ ಮುಗಿಯಿತು. ಹಾಗಾಗಿ ಎರಡು ದಿನ ಸತತ ಗೀಟು ಬಿದ್ದೂ ಪುಟ ಬೆಳೆಯದಿದ್ದರೆ ಈಗ ಟೈಮರ್ ಪಕ್ಕಕ್ಕಿಟ್ಟು ಯಾರ ಬಳಿಯಾದರೂ ಮಾತಾಡುತ್ತೇನೆ.

ಸ್ಪ್ರಿಂಗ್ ಈಚೆಗೆ ಸ್ವಲ್ಪ ಸೋತಿದೆ. 25ಕ್ಕೆ ಇಟ್ಟರೆ 27 ನಿಮಿಷಕ್ಕೆ ಹೊಡೆಯುತ್ತದೆ. ಹೊಸದು ತರುವ ಮನಸ್ಸಾಗಲಿಲ್ಲ. 23ರ ಹತ್ತಿರ ನೀಲಿ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ, ಅಲ್ಲಿಗೆ ತಿರುಗಿಸಿದರೆ ಸರಿಯಾಗಿ 25 ಆಗುತ್ತದೆ. ಇನ್ನು ಉಪಸಂಹಾರದ ಅಧ್ಯಾಯ ಒಂದೇ ಬಾಕಿ. ಅಲ್ಲಿಯವರೆಗೆ ಇದು ನಡೆಯುತ್ತದೆ.